ಬಾಟಲಿಯ ಲೆಕ್ಕ ಸರ್ಕಾರದ್ದು, ಏಟಿನ ಲೆಕ್ಕ ಯಾರದ್ದು?

2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ನಡೆದ ಒಂದು ಮಾತುಕತೆ ನಿಮಗೆ ನೆನಪಿರಬಹುದು. ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ ಕೊಡ್ತೀರಿ, ಬಸ್ ಫ್ರೀ ಮಾಡಿದ್ದೀರಿ, ಹಾಗೇ ಕುಡಿಯೋರಿಗೂ ವಾರಕ್ಕೆ ಎರಡು ಬಾಟಲಿ ಫ್ರೀ ಕೊಡಿ ಎಂದು ತುರುವೇಕೆರೆಯ ಜೆಡಿಎಸ್ ಶಾಸಕ ಎಂ.ಟಿ. ಕೃಷ್ಣಪ್ಪ ಕೇಳಿದರು. ನೀವು ಗೆದ್ದು ಸರ್ಕಾರ ಮಾಡಿ, ಆಮೇಲೆ ಕೊಡಿ. ನಾವು ಕುಡಿತ ಕಡಿಮೆ ಮಾಡೋಕೆ ನೋಡ್ತಿದ್ದೀವಿ ಎಂಬರ್ಥದ ಉತ್ತರವನ್ನು ಸಚಿವ ಕೆ.ಜೆ. ಜಾರ್ಜ್ ಕೊಟ್ಟರು. ಎಲ್ಲರೂ ಬೈದಿದ್ದು, ಟ್ರೋಲ್ ಮಾಡಿದ್ದು ಶಾಸಕರ ಮಾತನ್ನು. ಸಚಿವರ ಉತ್ತರವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಗಮನಿಸಬೇಕಿದ್ದದ್ದು ಅದನ್ನೇ. ಯಾಕೆಂದರೆ ಆ ಚರ್ಚೆ ನಡೆದದ್ದು 2025–26ರ ಬಜೆಟ್ ಮೇಲೆ. ಅದರಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅದರ ಹಿಂದಿನ ವರ್ಷದ ಗುರಿ 38,525 ಕೋಟಿ. ಅದಕ್ಕೂ ಹಿಂದೆ 36,000 ಕೋಟಿ. ಕುಡಿತ ಕಡಿಮೆ ಮಾಡಬೇಕೆನ್ನುವ ಸರ್ಕಾರ ಪ್ರತಿವರ್ಷ ಗುರಿ ಏರಿಸ್ತಾ ಹೋಗುತ್ತಾ? ತೆರಿಗೆ ದರ ಏರಿಸಿದ್ದರಿಂದಲೂ ಆದಾಯ ಹೆಚ್ಚುತ್ತೆ ಅನ್ನೋದು ನಿಜ. ಆದರೆ ಇಲಾಖೆಯನ್ನು ಅಳೆಯುವ ಅಳತೆಗೋಲು ಒಂದೇ: ಖಜಾನೆಗೆ ಎಷ್ಟು ಬಂತು. ಇದು ಕಾಂಗ್ರೆಸ್ ಸರ್ಕಾರದ್ದಷ್ಟೇ ಕಥೆಯಲ್ಲ. ಬಿಜೆಪಿ ಇದ್ದಾಗಲೂ, ಜೆಡಿಎಸ್ ಇದ್ದಾಗಲೂ ಅಬಕಾರಿ ಗುರಿ ಏರಿದ್ದೇ ಹೆಚ್ಚು.

ಕಾಯ್ದೆಯಲ್ಲಿ ಏನಿದೆ

ನಮ್ಮ ರಾಜ್ಯದಲ್ಲಿ ಮದ್ಯವನ್ನು ನಿಯಂತ್ರಿಸುವ ಮೂಲ ಕಾನೂನು ಕರ್ನಾಟಕ ಅಬಕಾರಿ ಕಾಯ್ದೆ, 1965. ಈ ಕಾಯ್ದೆ ಯಾತಕ್ಕಾಗಿ ಅನ್ನೋದು ಅದರ ಮೊದಲ ಸಾಲಲ್ಲೇ ಇದೆ: ಮದ್ಯದ ಉತ್ಪಾದನೆ, ಸಾಗಣೆ, ಖರೀದಿ, ಮಾರಾಟ ಮತ್ತು ಅದರ ಮೇಲಿನ ಸುಂಕ. ಆರೋಗ್ಯ ಅನ್ನೋ ಪದ ಅಲ್ಲಿಲ್ಲ. ಕುಟುಂಬ ಅನ್ನೋ ಪದವೂ ಇಲ್ಲ. ಸಂವಿಧಾನದ 47ನೇ ವಿಧಿ ಮದ್ಯದ ಬಳಕೆ ತಡೆಯಲು ಪ್ರಯತ್ನಿಸಿ ಎಂದು ರಾಜ್ಯಗಳಿಗೆ ಹೇಳುತ್ತೆ. ಆದರೆ ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಜಾರಿ ಮಾಡಿಸುವಂಥದ್ದಲ್ಲ.

ಹಾಗಂತ ನಿಯಮಗಳೇ ಇಲ್ಲ ಅಂತಲ್ಲ. 1967ರ ಲೈಸೆನ್ಸ್ ನಿಯಮಗಳ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಿರುವ ವಸತಿ ಪ್ರದೇಶದಲ್ಲೂ ಇರುವಂತಿಲ್ಲ. ಓದಲು ಚೆನ್ನಾಗಿದೆ. ಆದರೆ ಇವೆಲ್ಲ ಟೇಪು ಹಿಡಿದು ಅಳೆಯುವ ನಿಯಮಗಳು. ಶಾಲೆಯಿಂದ 101ನೇ ಮೀಟರಿಗೆ ಅಂಗಡಿ ಬಂದರೆ ಕಾನೂನಿಗೆ ತಕರಾರಿಲ್ಲ. ಆ ಊರಿಗೆ ಅಂಗಡಿ ಬೇಕಾ ಬೇಡ್ವಾ ಎಂದು ಊರಿನವರನ್ನು ಕೇಳುವ ಬಾಧ್ಯತೆ ಯಾರಿಗೂ ಇಲ್ಲ. ಜಿಲ್ಲಾಧಿಕಾರಿಗೆ ಮನವಿ ಕೊಡಬಹುದು, ಧರಣಿ ಕೂರಬಹುದು. ಆಮೇಲೆ ಅವರಿಗೆ ಬಿಟ್ಟದ್ದು.

ಇನ್ನೂ ಒಂದು ವಿಷಯ ನೋಡಿ. ಸಾರ್ವಜನಿಕ ಶಾಂತಿಗೆ ಧಕ್ಕೆಯಾಗುತ್ತೆ ಅನ್ನಿಸಿದರೆ ಮದ್ಯದಂಗಡಿ ಮುಚ್ಚಿಸುವ ಅಧಿಕಾರವನ್ನು ಇದೇ ಕಾಯ್ದೆ ಅಧಿಕಾರಿಗಳಿಗೆ ಕೊಟ್ಟಿದೆ. ಚುನಾವಣೆ ಬಂತು, ಬಂದ್. ಗಣೇಶ ವಿಸರ್ಜನೆ, ಬಂದ್. ಅಂದರೆ ಕುಡಿತಕ್ಕೂ ಗಲಾಟೆಗೂ ಇರುವ ಸಂಬಂಧ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಬೀದಿಯಲ್ಲಿ ಆಗುವ ಗಲಾಟೆಗೆ ಮಾತ್ರ ಈ ಅಧಿಕಾರ ಬಳಕೆಯಾಗುತ್ತೆ. ರಾತ್ರಿ ಹತ್ತು ಗಂಟೆಗೆ ಮನೆಯೊಳಗೆ ಆಗುವ ಗಲಾಟೆ ಸಾರ್ವಜನಿಕ ಶಾಂತಿಯ ಲೆಕ್ಕಕ್ಕೆ ಬರೋದಿಲ್ಲ.

ಸಾರಾಯಿ ಹೋಯ್ತು, ಕ್ವಾರ್ಟರ್ ಬಂತು

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ. ಬಡವರ ಮನೆ ಉಳಿಸಿದೆವು ಎಂದು ಇಬ್ಬರೂ ಇವತ್ತಿಗೂ ಹೇಳಿಕೊಳ್ಳಬಹುದು. ಸಾರಾಯಿ ಗುತ್ತಿಗೆದಾರರ ದರ್ಬಾರು ಮುಗಿಯಿತು ಅನ್ನೋದು ಸಣ್ಣ ಮಾತಲ್ಲ. ಆದರೆ ಕುಡಿತ ನಿಂತಿತಾ? ಸಾರಾಯಿ ಪ್ಯಾಕೆಟ್ ಇದ್ದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ರಮ್‌ನ ಸಣ್ಣ ಪ್ಯಾಕೆಟ್‌ಗಳು ಬಂದವು. ನೈಂಟಿ, ಕ್ವಾರ್ಟರ್ ಅನ್ನೋವು ಹಳ್ಳಿಯ ದಿನಬಳಕೆಯ ಪದಗಳಾದವು. ಒಂದೇ ವರ್ಷದಲ್ಲಿ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಕಾರರು.

ಅಂಗಡಿಗಳ ವಿಷಯದಲ್ಲೂ ಇಂಥದ್ದೇ ಕಥೆ. 1992ರಿಂದ ರಾಜ್ಯದಲ್ಲಿ ಹೊಸ ವೈನ್ ಶಾಪ್ (ಸಿಎಲ್–2) ಮತ್ತು ಬಾರ್ (ಸಿಎಲ್–9) ಲೈಸೆನ್ಸ್ ಕೊಡೋದನ್ನು ನಿಲ್ಲಿಸಲಾಗಿತ್ತು. ಕೇಳಲು ನಿಯಂತ್ರಣದ ಥರ ಕಾಣುತ್ತೆ. ಆದರೆ ಲಾಡ್ಜ್ ಇರುವ ಹೋಟೆಲ್‌ಗಳಿಗೆ ಕೊಡುವ ಸಿಎಲ್–7ಗೆ ಈ ತಡೆ ಇರಲಿಲ್ಲ. ಸರ್ಕಾರದ್ದೇ ಎಂಎಸ್ಐಎಲ್ ಅಂಗಡಿಗಳಿಗೂ ಇರಲಿಲ್ಲ. ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು. ಇತ್ತ ಹಳೇ ಲೈಸೆನ್ಸ್‌ಗಳು ಕೈಬದಲಾಗುತ್ತಾ ಕೋಟಿಗಟ್ಟಲೆ ಬೆಲೆಯ ಆಸ್ತಿಯಾದವು.

ಈಗ ಮುಂಬಾಗಿಲನ್ನೂ ತೆರೆಯುವ ಮಾತು. ಹಂಚಿಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಇ–ಹರಾಜಿನಲ್ಲಿ ಕೊಡೋದಾಗಿ 2025–26ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಲಂಚ, ಶಿಫಾರಸಿಗಿಂತ ಹರಾಜು ವಾಸಿ, ಒಪ್ಪೋಣ. ಆದರೆ ಹರಾಜಿನಲ್ಲಿ ಕೋಟಿ ಕೊಟ್ಟವನು ಆ ಕೋಟಿ ವಾಪಸ್ ತೆಗೆಯಬೇಕಲ್ಲ? ಕೌಂಟರಿನಲ್ಲಿ ಆಗದಿದ್ದರೆ ಸುತ್ತಲ ಹಳ್ಳಿಗಳ ಗೂಡಂಗಡಿ, ಡಾಬಾ, ಕಿರಾಣಿ ಅಂಗಡಿಗಳಿಗೆ ಬಾಕ್ಸ್‌ಗಟ್ಟಲೆ ಕಳಿಸಬೇಕು. ಅಲ್ಲಿ ಹತ್ತಿಪ್ಪತ್ತು ರೂಪಾಯಿ ಜಾಸ್ತಿಗೆ ಸಿಗುತ್ತೆ, ಬೆಳಗ್ಗೆ ಆರಕ್ಕೂ ಸಿಗುತ್ತೆ, ಸಾಲಕ್ಕೂ ಸಿಗುತ್ತೆ. ಕಾಯ್ದೆಯ 15ಎ, 32ನೇ ಸೆಕ್ಷನ್‌ಗಳಲ್ಲಿ ಕೇಸು ಬೀಳೋದು ಹೆಚ್ಚಾಗಿ ಈ ಗೂಡಂಗಡಿಯವರ ಮೇಲೆ. ಮಾಲು ಎಲ್ಲಿಂದ ಬಂತು ಅನ್ನೋ ತನಿಖೆ ಅಲ್ಲಿಗೇ ನಿಲ್ಲುತ್ತೆ.

ಹಿಂದಕ್ಕೆ ಹೋಗಿ ಪತ್ತೆ ಹಚ್ಚೋಕೆ ಆಗೋದೇ ಇಲ್ವಾ? 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಪಾನೀಯ ನಿಗಮದ (ಕೆಎಸ್‌ಬಿಸಿಎಲ್) ಕೈಯಲ್ಲಿದೆ. ಯಾವ ಅಂಗಡಿ ಯಾವ ದಿನ ಎಷ್ಟು ಬಾಕ್ಸ್ ಎತ್ತಿತು ಅನ್ನೋ ಲೆಕ್ಕ ಅಲ್ಲಿರುತ್ತೆ. ಮೂರು ಸಾವಿರ ಜನರ ಊರಿನ ಅಂಗಡಿ ಊರಿಗೆ ಮೀರಿದಷ್ಟು ಮಾಲು ಎತ್ತಿದರೆ ಅದು ಎಲ್ಲಿಗೆ ಹೋಗ್ತಿದೆ ಎಂದು ಕೇಳೋಕೆ ಆ ಲೆಕ್ಕ ಸಾಕು. ಆದರೆ ಕೇಳಬೇಕಾದ ಇಲಾಖೆಗೇ ಮಾರಾಟದ ಗುರಿ ಕೊಟ್ಟಿದ್ದೇವೆ. ಹೆಚ್ಚು ಎತ್ತಿದ ಅಂಗಡಿ ಅದರ ಕಣ್ಣಿಗೆ ಒಳ್ಳೆಯ ಅಂಗಡಿ.

ಏಟು ಬೀಳೋದು ಯಾರಿಗೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ಶೇ. 16.5. ಹೆಂಗಸರಲ್ಲಿ ಶೇ. 1ಕ್ಕಿಂತ ಕಡಿಮೆ. ಒಪ್ಪಿಕೊಂಡವರ ಲೆಕ್ಕ ಇದು, ನಿಜವಾದದ್ದು ಇನ್ನೂ ಹೆಚ್ಚಿರಬಹುದು. ಇದೇ ಸಮೀಕ್ಷೆಯಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತ ಮಹಿಳೆಯರು ಶೇ. 44.4. ದೇಶದಲ್ಲೇ ಅತಿ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20ರ ಆಸುಪಾಸಿನಲ್ಲಿತ್ತು. ಇಡೀ ದೇಶದ ಅಂಕಿ ನೋಡಿದರೆ, ಗಂಡ ಪದೇಪದೇ ಕುಡಿದು ಅಮಲೇರಿಸಿಕೊಳ್ಳುವ ಮನೆಗಳಲ್ಲಿ ಹತ್ತರಲ್ಲಿ ಏಳು ಹೆಂಗಸರು ಹಿಂಸೆ ಕಂಡಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು.

ಹೊಡೆಯೋದಕ್ಕೆ ಕುಡಿತವೇ ಕಾರಣ ಅಂತ ಇದರ ಅರ್ಥವಲ್ಲ. ಕುಡಿಯದೆ ಹೊಡೆಯುವ ಗಂಡಸರೂ ಇದ್ದಾರೆ, ಕುಡಿದೂ ಕೈ ಎತ್ತದವರೂ ಇದ್ದಾರೆ. ಹೆಂಡತಿಯನ್ನು ಹೊಡೆಯಬಹುದು ಅನ್ನೋ ಧೈರ್ಯ ಬರೋದು ಬಾಟಲಿಯಿಂದಲ್ಲ, ನಾವು ಬೆಳೆಸಿದ ರೀತಿಯಿಂದ. ಆದರೆ ಕುಡಿತ ಆ ಧೈರ್ಯಕ್ಕೆ ನೆಪವನ್ನೂ ಕೊಡುತ್ತೆ, ಕೂಲಿಯ ದುಡ್ಡನ್ನೂ ಖಾಲಿ ಮಾಡುತ್ತೆ. ಮನೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಕೈಯಲ್ಲಿ ಉಳಿಸಿಕೊಳ್ಳೋದೇ ಒಂದು ಜಗಳ ಅನ್ನೋದನ್ನು ಯಾವ ಸ್ವಸಹಾಯ ಸಂಘದ ಸಭೆಯಲ್ಲಿ ಕೂತರೂ ಕೇಳಬಹುದು.

12 ದಿನ ನಡೆದವರಿಗೆ ಸಿಕ್ಕಿದ್ದೇನು

2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್ ನಡೆದು ಬಂದರು. ರಾಯಚೂರು ಮುಂತಾದ ಜಿಲ್ಲೆಗಳ ಕೂಲಿ ಮಾಡುವ ಹೆಂಗಸರು ಅದರಲ್ಲಿದ್ದರು. ಹೊರಟಿದ್ದು ಜನವರಿ 19ರಂದು, ಗಾಂಧಿ ಹುತಾತ್ಮರಾದ ದಿನ ಜನವರಿ 30ಕ್ಕೆ ಬೆಂಗಳೂರು ತಲುಪಿದರು. ಮದ್ಯ ನಿಷೇಧ ಆಂದೋಲನದ ದೊಡ್ಡ ಬೇಡಿಕೆ ಪೂರ್ಣ ನಿಷೇಧ. ಜೊತೆಗೆ, ಊರಿನಲ್ಲಿ ಮದ್ಯದಂಗಡಿ ಇರಬೇಕೋ ಬೇಡವೋ ಅನ್ನೋದನ್ನು ಗ್ರಾಮಸಭೆ ತೀರ್ಮಾನಿಸಲಿ ಅನ್ನುವ ಬೇಡಿಕೆಯೂ ಇತ್ತು. ಆಗಲೂ ಮುಖ್ಯಮಂತ್ರಿ, ಸಾರಾಯಿ ನಿಷೇಧಿಸಿದ ಅದೇ ಕುಮಾರಸ್ವಾಮಿ. ಭರವಸೆಯ ಮಾತುಗಳು ಬಂದವು. ಕಾಯ್ದೆ ಬದಲಾಗಲಿಲ್ಲ.

ಇದನ್ನು ಇನ್ನೊಂದು ಘಟನೆಯ ಪಕ್ಕ ಇಟ್ಟು ನೋಡಿ. 1965ರ ಕಾಯ್ದೆ 18 ವರ್ಷದೊಳಗಿನವರಿಗೆ ಮದ್ಯ ಮಾರಬೇಡಿ ಅನ್ನುತ್ತೆ, 1967ರ ನಿಯಮ 21 ಅನ್ನುತ್ತೆ. 2023ರ ಜನವರಿಯಲ್ಲಿ ಬಿಜೆಪಿ ಸರ್ಕಾರ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಪ್ರಕಟಿಸಿತು. ಸೋಷಿಯಲ್ ಮೀಡಿಯಾದಲ್ಲಿ, ಪತ್ರಿಕೆಗಳಲ್ಲಿ ವಿರೋಧ ಎದ್ದಿತು. ಕೆಲವೇ ದಿನಗಳಲ್ಲಿ ಕರಡು ವಾಪಸ್. ಸಂತೋಷವೇ. ಅಂದರೆ ಈ ವಿಷಯದಲ್ಲಿ ಸರ್ಕಾರಗಳಿಗೆ ಕಿವಿ ಇದೆ. ಆದರೆ ನಗರದ ಮಧ್ಯಮ ವರ್ಗದ ದನಿ ಒಂದೆರಡು ವಾರದಲ್ಲಿ ತಲುಪಿದ ಕಿವಿಗೆ, 12 ದಿನ ನಡೆದು ಬಂದ ದನಿ ಯಾಕೆ ತಲುಪಲಿಲ್ಲ?

ನಿಷೇಧವಲ್ಲ, ಮತ

ಪೂರ್ಣ ನಿಷೇಧದ ಬೇಡಿಕೆಯ ಹಿಂದಿನ ನೋವನ್ನು ಗೌರವಿಸುತ್ತಲೇ ಅದನ್ನು ಒಪ್ಪೋದು ನನಗೆ ಕಷ್ಟ. ಬಿಹಾರ 2016ರಲ್ಲಿ ನಿಷೇಧ ತಂದಿತು. ಜೈಲುಗಳು ತುಂಬಿದವು, ಕೋರ್ಟುಗಳಲ್ಲಿ ಜಾಮೀನು ಅರ್ಜಿಗಳ ರಾಶಿ ಬಿತ್ತು, 2022ರಲ್ಲಿ ಕಾಯ್ದೆಯನ್ನು ಸಡಿಲಿಸಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಛಪ್ರಾದಲ್ಲಿ ವಿಷಮದ್ಯ ಕುಡಿದು ಹತ್ತಾರು ಜನ ಸತ್ತರು. ನಿಷೇಧ ಪೊಲೀಸರ ಕೈಗೆ ಇನ್ನೊಂದು ಲಾಠಿ ಕೊಡುತ್ತೆ. ಆ ಲಾಠಿ ಯಾರ ಬೆನ್ನಿಗೆ ಬೀಳುತ್ತೆ ಅನ್ನೋದು ಗೊತ್ತಿರುವ ಸಂಗತಿ.

ಆದರೆ ನಿಷೇಧ ಮತ್ತು ಹರಾಜಿನ ನಡುವೆ ದಾರಿಯೇ ಇಲ್ಲ ಅಂತೇನಿಲ್ಲ. ಬೆಳಗಾವಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿ ಒಂದು ನಿಯಮವಿದೆ. ಊರಿನ ಅಥವಾ ವಾರ್ಡಿನ ಮಹಿಳಾ ಮತದಾರರಲ್ಲಿ ನೂರಕ್ಕೆ 25 ಜನ ಸಹಿ ಹಾಕಿ ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿಹ್ನೆ: ನೆಟ್ಟಗೆ ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚಬೇಕು. ರಾಜಸ್ಥಾನದಲ್ಲೂ ದೇಶಿ ಮದ್ಯದ ಅಂಗಡಿಗಳನ್ನು ಜನಮತದಿಂದ ಮುಚ್ಚಿಸುವ ನಿಯಮ 1975ರಿಂದ ಇದೆ.

ಇದರಲ್ಲೂ ತೊಡಕಿದೆ. ಮತ ಹಾಕಿದವರಲ್ಲಿ ಅಲ್ಲ, ಪಟ್ಟಿಯಲ್ಲಿರುವ ಎಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು ಅನ್ನೋ ಷರತ್ತಿನಿಂದ, ಗುಳೆ ಹೋದವಳ ಗೈರುಹಾಜರಿಯೂ ಅಂಗಡಿಯ ಪರವಾದ ಮತವಾಗುತ್ತೆ. ನಾವು ತರೋದಾದರೆ ಇದನ್ನು ಸರಿಮಾಡಿ ತರಬೇಕು. ಅಂಗಡಿ ಮುಚ್ಚಿದರೆ ಪಕ್ಕದೂರಿಗೆ ಹೋಗಿ ಕುಡೀತಾರೆ ಅನ್ನೋ ವಾದವೂ ಇದೆ. ಕುಡೀತಾರೆ, ಹೌದು. ಆದರೆ ಮನೆ ಬಾಗಿಲಲ್ಲಿ ಸಿಗೋದಕ್ಕೂ ಐದು ಕಿಲೋಮೀಟರ್ ಹೋಗಿ ತರೋದಕ್ಕೂ ವ್ಯತ್ಯಾಸವಿದೆ. ಅಂಗಡಿಗಳ ಸಂಖ್ಯೆ, ಸಮಯ, ಸುಲಭ ಲಭ್ಯತೆ ಕಡಿಮೆಯಾದರೆ ಕುಡಿತದ ಹಾನಿ ಕಡಿಮೆಯಾಗುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತಾ ಬಂದಿದೆ.

ಲೈಸೆನ್ಸ್‌ದಾರರ ಹಕ್ಕಿನ ಪ್ರಶ್ನೆ? ಅದನ್ನು ಸುಪ್ರೀಂ ಕೋರ್ಟ್ 1994ರಲ್ಲೇ, ನಮ್ಮದೇ ರಾಜ್ಯದ ಖೋಡೇಸ್ ಡಿಸ್ಟಿಲರೀಸ್ ಪ್ರಕರಣದಲ್ಲಿ ತೀರ್ಮಾನಿಸಿದೆ: ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ. ಹಾಗಾಗಿ ಅಬಕಾರಿ ಕಾಯ್ದೆಗೆ ತಿದ್ದುಪಡಿ ತರಲು ಕಾನೂನಿನ ಅಡ್ಡಿ ಹೆಚ್ಚಿಲ್ಲ. ಹೊಸ ಲೈಸೆನ್ಸ್ ಹರಾಜಿಗೆ ಮುಂಚೆ ಆ ಊರಿನ ಮಹಿಳೆಯರ ಗ್ರಾಮಸಭೆಯ ಒಪ್ಪಿಗೆ, ಇರುವ ಅಂಗಡಿಯ ಮೇಲೆ ಮತದಾನದ ಹಕ್ಕು, ಯಾವ ಅಂಗಡಿಗೆ ಎಷ್ಟು ಮಾಲು ಹೋಯಿತು ಅನ್ನೋ ಲೆಕ್ಕ ಪಂಚಾಯಿತಿ ಗೋಡೆಯ ಮೇಲೆ. ಜೊತೆಗೆ ಬಿಡಬೇಕು ಅನ್ನೋನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಳ್ಳೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಆದರೆ ದೇವದುರ್ಗದ ಕೂಲಿಕಾರ ಅಲ್ಲಿಗೆ ಎಷ್ಟು ಸಲ ಬಂದಾನು? ಮದ್ಯಪಾನ ಸಂಯಮ ಮಂಡಳಿಯ ಜಾಗೃತಿ ಭಾಷಣದಿಂದ ಕೈನಡುಕ ನಿಲ್ಲೋದಿಲ್ಲ, ಅದಕ್ಕೆ ಡಾಕ್ಟರ್ ಬೇಕು, ಔಷಧಿ ಬೇಕು.

ಬೆಂಗಳೂರಿನ ಪಬ್‌ನಲ್ಲಿ ವಾರಕ್ಕೊಮ್ಮೆ ಬಿಯರ್ ಕುಡಿಯುವ ನಮ್ಮ ವಯಸ್ಸಿನವರಿಗೆ ಇದೆಲ್ಲ ನೀತಿಪಾಠ ಅನ್ನಿಸಬಹುದು. ಯಾರ ಲೋಟವನ್ನೂ ಕಿತ್ತುಕೊಳ್ಳುವ ಮಾತು ಇದಲ್ಲ. ಕುಡಿಯುವ ಸ್ವಾತಂತ್ರ್ಯದ ಬಗ್ಗೆ ಮಾತಾಡೋಣ. ಹಾಗೆಯೇ ತನ್ನ ಮನೆ ಮುಂದೆ ಅಂಗಡಿ ಬೇಡ ಅನ್ನುವವಳ ಸ್ವಾತಂತ್ರ್ಯದ ಬಗ್ಗೆಯೂ ಮಾತಾಡೋಣ. ಮುಂದಿನ ಬಜೆಟ್‌ನಲ್ಲಿ ಅಬಕಾರಿ ಗುರಿ ಎಷ್ಟು ಸಾವಿರ ಕೋಟಿ ಅನ್ನೋದನ್ನು ಟಿವಿಯವರು ಹೇಳ್ತಾರೆ. ನಿಮ್ಮ ಕ್ಷೇತ್ರದ ಶಾಸಕರು ಸಿಕ್ಕಾಗ ನೀವು ಬೇರೆ ಪ್ರಶ್ನೆ ಕೇಳಿ: ಹೊಸ ಲೈಸೆನ್ಸ್ ಹರಾಜಿಗಿಟ್ಟಾಗ ಆ ಊರಿನ ಹೆಂಗಸರನ್ನು ಕೇಳಿದ್ರಾ?