ನಕ್ಷತ್ರಬಲವೋ, ದೇಹಬಲವೋ?

ನಮ್ಮಲ್ಲಿ ಮಗು ಹುಟ್ಟಿದ ಕೂಡಲೆ ನಕ್ಷತ್ರ ಯಾವುದೆಂದು ಕೇಳುತ್ತಾರೆ. ಅಮೆರಿಕದಲ್ಲಿ ಹುಡುಗನಿಗೆ ಹದಿನಾರು ಹದಿನೇಳು ವರ್ಷ ತುಂಬಿದ ಮೇಲೆ ನಕ್ಷತ್ರ ಎಷ್ಟೆಂದು ಕೇಳುತ್ತಾರೆ. ಅಲ್ಲಿನ ಪ್ರೌಢಶಾಲೆಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರಿಗೆ ಐದರವರೆಗೆ ನಕ್ಷತ್ರಗಳನ್ನು ಹಂಚುವ ಪದ್ಧತಿಯೊಂದು ಬೆಳೆದು ಬಂದಿದೆ. ಕಾಲೇಜಿನ ತಂಡಕ್ಕೆ ಯಾರನ್ನು ಕರೆಯಬೇಕು, ಯಾರಿಗೆ ವಿದ್ಯಾರ್ಥಿವೇತನ ಕೊಡಬೇಕು ಎಂಬ ಚರ್ಚೆ ಎದ್ದಾಗ ಈ ನಕ್ಷತ್ರಗಳ ಮಾತೇ ಮುಂದೆ ಬರುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವೂ ಉಂಟು. ಹುಡುಗನ ಇಂದಿನ ಹೆಸರನ್ನು ಬಿಟ್ಟು ಅವನ ಎತ್ತರ, ಎಲುಬು, ಓಟಗಳನ್ನು ನೋಡಿ, ನಾಲ್ಕು ವರ್ಷದ ಮೇಲೆ ಅವನು ಏನಾಗಬಲ್ಲನೆಂದು ಯೋಚಿಸಿರಿ ಎಂಬುದು ಅವರ ವಾದ. ಈ ಎರಡು ವಾದಗಳನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ. ಆಟ ಪರದೇಶದ್ದಾದರೂ ಪ್ರಶ್ನೆ ವಿದ್ಯಾರ್ಥಿಗಳಾದ ನಮಗೆಲ್ಲ ಸಂಬಂಧಪಟ್ಟದ್ದೇ.

ಮೊದಲು ಆಟದ ವಿಷಯ. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಎರಡು ತುದಿಯೂ ಮೊನಚಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ಒಂದೊಂದು ಪಕ್ಷದಲ್ಲಿ ಹನ್ನೊಂದು ಜನ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಮೆತ್ತೆ. ಮುಂದಿನ ಸಾಲಿನವರು ಗೋಡೆಯಂತೆ ನಿಂತು ಎದುರಾಳಿಯನ್ನು ತಡೆಯಬೇಕು. ಅವರಲ್ಲಿ ೩೦೦ ಪೌಂಡು, ಎಂದರೆ ಸುಮಾರು ೧೩೬ ಕಿಲೋ ತೂಗುವವರು ಸಾಮಾನ್ಯ. ಅಂಚಿನಲ್ಲಿ ಓಡುವವರು ಜಿಂಕೆಯಂತಿರಬೇಕು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ತೋಳಿನಷ್ಟೇ ತಲೆಯೂ ಬೇಕು. ಪ್ರೌಢಶಾಲೆಗಳಲ್ಲಿ ಈ ಆಟವಾಡುವ ಹುಡುಗರು ಸುಮಾರು ಹತ್ತು ಲಕ್ಷ. ಮೇಲಿನ ದರ್ಜೆಯ ಕಾಲೇಜು ತಂಡಗಳಾದರೋ ೧೩೦ಕ್ಕೆ ಸ್ವಲ್ಪ ಹೆಚ್ಚು. ಇಷ್ಟು ಜನರಲ್ಲಿ ಕೆಲವರನ್ನು ಆರಿಸುವಾಗ ಅಳತೆಗೋಲೊಂದು ಬೇಕೆನಿಸುವುದು ಸಹಜ.

ಆ ಅಳತೆಗೋಲನ್ನು ಒದಗಿಸುವವರು ರೈವಲ್ಸ್, ೨೪೭ಸ್ಪೋರ್ಟ್ಸ್, ಇಎಸ್‌ಪಿಎನ್ ಮೊದಲಾದ ಸಂಸ್ಥೆಗಳವರು. ಪಂದ್ಯದ ಚಿತ್ರಗಳನ್ನು ನೋಡಿ, ತರಬೇತಿ ಶಿಬಿರಗಳಿಗೆ ಹೋಗಿ ಅವರು ನಕ್ಷತ್ರಗಳನ್ನು ಕೊಡುತ್ತಾರೆ. ೨೪೭ಸ್ಪೋರ್ಟ್ಸ್‌ನವರು ವರ್ಷಕ್ಕೆ ಸುಮಾರು ೩೨ ಹುಡುಗರನ್ನು ಮಾತ್ರ ಐದು ನಕ್ಷತ್ರಕ್ಕೆ ಏರಿಸುವರು. ವೃತ್ತಿಪರ ಕೂಟವಾದ ಎನ್‌ಎಫ್‌ಎಲ್‌ನಲ್ಲಿ ೩೨ ತಂಡಗಳಿವೆ. ಕಾಲೇಜು ಮುಗಿಸಿದವರನ್ನು ತಂಡಗಳು ಸರದಿಯಂತೆ ಆರಿಸುವಾಗ ಮೊದಲ ಸುತ್ತಿನಲ್ಲಿ ೩೨ ಜನರಿಗೆ ಅವಕಾಶ. ಆ ಲೆಕ್ಕಕ್ಕೆ ಈ ಲೆಕ್ಕ.

ಈ ನಕ್ಷತ್ರಗಳೆಲ್ಲ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜಡೇವಿಯನ್ ಕ್ಲೌನಿ ೨೦೧೧ರಲ್ಲಿ ದೇಶಕ್ಕೇ ಮೊದಲಿಗನೆಂದು ಎಣಿಸಲ್ಪಟ್ಟವನು. ೨೦೧೪ರ ಎನ್‌ಎಫ್‌ಎಲ್ ಆಯ್ಕೆಯಲ್ಲೂ ಅವನೇ ಮೊದಲಿಗ. ಐದು ನಕ್ಷತ್ರದ ಟ್ರೆವರ್ ಲಾರೆನ್ಸ್ ೨೦೧೮ರಲ್ಲಿ ಕ್ಲೆಮ್ಸನ್ ಸೇರಿ ಮೊದಲ ವರ್ಷವೇ ತಂಡವನ್ನು ರಾಷ್ಟ್ರದ ಚಾಂಪಿಯನ್ ಮಾಡಿದ. ೨೦೨೧ರ ಆಯ್ಕೆಯಲ್ಲಿ ಮೊದಲಿಗನಾದ. ನಕ್ಷತ್ರವಂತರನ್ನೇ ವರ್ಷವರ್ಷವೂ ಸೇರಿಸಿಕೊಂಡ ಅಲಬಾಮಾ ಕಾಲೇಜು, ನಿಕ್ ಸೇಬನ್ ಎಂಬ ತರಬೇತುದಾರನ ಕೈಕೆಳಗೆ ೨೦೦೯ರಿಂದ ೨೦೨೦ರೊಳಗೆ ಆರು ಬಾರಿ ಚಾಂಪಿಯನ್ ಆಯಿತು. ಗುಂಪಿನ ಲೆಕ್ಕದಲ್ಲಿ ನಕ್ಷತ್ರಗಳು ಬಹುಮಟ್ಟಿಗೆ ನಿಜ ಹೇಳುತ್ತವೆ. ಒಬ್ಬೊಬ್ಬ ಹುಡುಗನ ಭವಿಷ್ಯವನ್ನು ನಿರ್ಣಯಿಸಲು ಹೊರಟಾಗಲೇ ಅವು ತಪ್ಪುವುದು.

ಜೆ. ಜೆ. ವಾಟ್‌ಗೆ ಸಿಕ್ಕಿದ್ದು ಎರಡೇ ನಕ್ಷತ್ರ. ಸೆಂಟ್ರಲ್ ಮಿಷಿಗನ್ ಎಂಬ ಸಣ್ಣ ತಂಡದಲ್ಲಿ ಒಂದು ವರ್ಷ ಚೆಂಡು ಹಿಡಿಯುವ ಸ್ಥಾನದಲ್ಲಿ ಆಡಿದ. ಬಳಿಕ ಅದನ್ನು ಬಿಟ್ಟು, ವಿದ್ಯಾರ್ಥಿವೇತನವಿಲ್ಲದೆಯೇ ವಿಸ್ಕಾನ್ಸಿನ್ ತಂಡ ಸೇರಿದ. ನಡುವೆ ಮನೆಮನೆಗೆ ಪೀಟ್ಸಾ ತಲುಪಿಸುವ ಕೆಲಸವನ್ನೂ ಮಾಡಿದ. ವಿಸ್ಕಾನ್ಸಿನ್‌ನವರು ಅವನ ಎತ್ತರವನ್ನೂ ಬಲವನ್ನೂ ಕಂಡು ರಕ್ಷಣಾ ಪಂಕ್ತಿಗೆ ಹಾಕಿದರು. ೨೦೧೧ರಲ್ಲಿ ಅವನು ಹನ್ನೊಂದನೆಯವನಾಗಿ ಆಯ್ಕೆಯಾದ. ೨೦೧೨, ೨೦೧೪, ೨೦೧೫ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ.

ಜಾಷ್ ಆಲೆನ್‌ನ ಕಥೆ ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ, ಹತ್ತಿ ಬೆಳೆಯುವ ರೈತರ ಮನೆಯ ಹುಡುಗ. ಪ್ರೌಢಶಾಲೆ ಮುಗಿಸಿದಾಗ ಮೇಲಿನ ದರ್ಜೆಯ ಒಂದು ಕಾಲೇಜೂ ಅವನಿಗೆ ವಿದ್ಯಾರ್ಥಿವೇತನ ಕೊಡಲಿಲ್ಲ. ಎರಡು ವರ್ಷದ ಸಾಮಾನ್ಯ ಕಾಲೇಜೊಂದನ್ನು ಸೇರಿ, ನನ್ನನ್ನು ನೋಡಿರೆಂದು ತರಬೇತುದಾರರಿಗೆ ತಾನೇ ಪತ್ರ ಬರೆದ. ಆ ವೇಳೆಗೆ ಮೈ ಬೆಳೆಯಿತು, ತೋಳು ಬಲಿಯಿತು. ವಯೋಮಿಂಗ್ ಅವನನ್ನು ಕರೆಯಿತು. ೨೦೧೮ರಲ್ಲಿ ಏಳನೆಯವನಾಗಿ ಆಯ್ಕೆಯಾದ ಅವನು ೨೦೨೪ರ ಋತುವಿನಲ್ಲಿ ಇಡೀ ಎನ್‌ಎಫ್‌ಎಲ್‌ನ ಅತ್ಯಂತ ಬೆಲೆಯುಳ್ಳ ಆಟಗಾರನೆಂಬ ಗೌರವ ಪಡೆದ.

ಪಂಡಿತರ ಕಣ್ಣು ತಪ್ಪಲು ಕಾರಣವೇನು? ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ನಮ್ಮಲ್ಲಿದೆ. ಆದರೆ ಎಲ್ಲ ಬೀಜವೂ ಒಂದೇ ದಿನ ಮೊಳೆಯುವುದಿಲ್ಲವೆಂಬುದು ಗಾದೆ ಕಟ್ಟಿದ ರೈತನಿಗೂ ಗೊತ್ತಿತ್ತು. ಹದಿನೈದಕ್ಕೇ ಮೀಸೆ ಮೂಡಿ ಮೈ ತುಂಬಿದ ಹುಡುಗ ತನ್ನ ಓರಗೆಯವರನ್ನು ಸುಲಭವಾಗಿ ಕೆಡಹುತ್ತಾನೆ. ನಕ್ಷತ್ರ ಅವನಿಗೆ ಬೀಳುತ್ತದೆ. ಹತ್ತೊಂಬತ್ತಕ್ಕೆ ಬೆಳೆಯುವವನು ಆಗ ಬಡಕಲಾಗಿ ಕಾಣುತ್ತಾನೆ. ಎರಡನೆಯದಾಗಿ, ದೂರದ ಊರಿನವನನ್ನು ನೋಡಲು ಹೋಗುವವರು ಕಡಮೆ. ಶಿಬಿರಗಳಿಗೆ ತಾನೇ ಹೋಗೋಣವೆಂದರೆ ಪ್ರಯಾಣಕ್ಕೆ ಹಣ ಬೇಕು. ಮೂರನೆಯದಾಗಿ, ದೊಡ್ಡ ಕಾಲೇಜೊಂದು ಕರೆದರೆ ಹುಡುಗನ ನಕ್ಷತ್ರ ಏರುವುದುಂಟು. ನಕ್ಷತ್ರ ಏರಿದರೆ ಇನ್ನಷ್ಟು ಕಾಲೇಜುಗಳು ಕರೆಯುತ್ತವೆ. ಹೆಸರಿದ್ದವನಿಗೆ ಹೆಸರು ಕೂಡುತ್ತ ಹೋಗುತ್ತದೆ.

ಹಾಗಾದರೆ ದೇಹವನ್ನು ಅಳೆದು ನೋಡುವುದೇ ಸರಿಯಾದ ಮಾರ್ಗವೇ? ಆಸ್ಟ್ರೇಲಿಯದ ಜೋರ್ಡನ್ ಮೈಲಾಟಾ ಈ ಆಟವನ್ನು ಒಂದು ದಿನವೂ ಆಡದೆ, ರಗ್ಬಿ ಬಿಟ್ಟು ಬಂದವನು. ಆರಡಿ ಎಂಟಂಗುಲದ ಆ ದೇಹವನ್ನು ನೋಡಿಯೇ ೨೦೧೮ರ ಕೊನೆಯ ಸುತ್ತಿನಲ್ಲಿ ಫಿಲಡೆಲ್ಫಿಯಾ ತಂಡ ಅವನನ್ನು ಆರಿಸಿತು. ೨೦೨೫ರ ಫೆಬ್ರವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಾಗ ಅವನು ಮುಂದಿನ ಸಾಲಿನಲ್ಲಿದ್ದ. ಆದರೆ ದೇಹದ ಅಳತೆಯೂ ಮೋಸ ಮಾಡುತ್ತದೆ. ಓಟದಲ್ಲಿ ನಿಧಾನಿಯಾದ ಟಾಮ್ ಬ್ರೇಡಿಯನ್ನು ೨೦೦೦ದಲ್ಲಿ ೧೯೮ ಜನರನ್ನು ಆರಿಸಿದ ಮೇಲೆ ಆರಿಸಿದರು. ಅವನು ಏಳು ಸೂಪರ್ ಬೌಲ್ ಗೆದ್ದ. ತನ್ನ ಸ್ಥಾನಕ್ಕೆ ಕುಳ್ಳನೆನಿಸಿಕೊಂಡ ಏರನ್ ಡೊನಾಲ್ಡ್ ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ. ಎದೆಯ ಸುತ್ತಳತೆಯನ್ನು ಟೇಪು ಹೇಳೀತು, ಎದೆಗಾರಿಕೆಯನ್ನು ಹೇಳಲಾರದು.

ಆದುದರಿಂದ ನನ್ನ ಅಭಿಪ್ರಾಯ ಹೀಗೆ. ನಕ್ಷತ್ರವು ಹುಡುಗ ಇಂದಿನವರೆಗೆ ಬಂದ ದಾರಿಯ ಲೆಕ್ಕ. ಮೈಕಟ್ಟು ಅವನು ಮುಂದೆ ಹೋಗಬಹುದಾದ ದಾರಿಯ ಸೂಚನೆ. ಕಾಲೇಜು ನಾಲ್ಕು ವರ್ಷ ಕಲಿಸುವ ಸ್ಥಳವಾದ್ದರಿಂದ ಎರಡನೆಯದಕ್ಕೇ ಹೆಚ್ಚು ಬೆಲೆ ಕೊಡಬೇಕು. ಆದರೆ ಒಂದು ನಿಬಂಧನೆ ಉಂಟು. ಬೆಳೆಯಬಲ್ಲವನನ್ನು ಕರೆತಂದ ಮೇಲೆ ಬೆಳೆಸುವ ತಾಳ್ಮೆಯೂ ಇರಬೇಕು. ಕಣಜದಲ್ಲಿಟ್ಟ ಬೀಜ ತಾನಾಗಿ ಪೈರಾಗುವುದಿಲ್ಲ. ಅನ್ನ, ವ್ಯಾಯಾಮ, ಸ್ಥಾನ ಬದಲಿಸಿ ನೋಡುವ ಗುರು, ಸೋತ ವರ್ಷವನ್ನು ಸಹಿಸುವ ಸಂಸ್ಥೆ, ಇವೆಲ್ಲ ಬೇಕು.

ಈ ತಾಳ್ಮೆ ಅಲ್ಲಿ ಈಗ ಕಡಮೆಯಾಗುತ್ತಿದೆಯೆಂಬುದೇ ಚಿಂತೆಯ ವಿಷಯ. ೨೦೧೮ರಿಂದ ಆಟಗಾರರು ಕಾಲೇಜು ಬದಲಿಸುವುದು ಸುಲಭವಾಯಿತು. ೨೦೨೧ರಿಂದ ತಮ್ಮ ಹೆಸರಿನಿಂದ ಹಣ ಗಳಿಸುವ ಹಕ್ಕು ಬಂತು. ೨೦೨೫ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಹುಡುಗರ ಬೆವರಿಗೆ ಬೆಲೆ ಬಂದುದು ಒಳ್ಳೆಯದೇ. ಆದರೆ ಸಣ್ಣ ಕಾಲೇಜು ಬೆಳೆಸಿದ ಗಿಡವನ್ನು ಶ್ರೀಮಂತ ಕಾಲೇಜು ಹಣ್ಣಿನ ಕಾಲಕ್ಕೆ ಕಿತ್ತುಕೊಂಡರೆ ಬೀಜ ಬಿತ್ತುವವರು ಯಾರು? ಮುಂದಿನ ಆಲೆನ್ ಪತ್ರ ಬರೆದರೆ ಓದುವವರು ಯಾರು?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಂಥವರಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೇ ನಕ್ಷತ್ರ. ದೀಪದ ಕೆಳಗೆ ಓದಿಸುವವರಿದ್ದ ಮನೆಯ ಹುಡುಗನಿಗೂ, ಹೊಲದ ಕೆಲಸ ಮುಗಿಸಿ ಪುಸ್ತಕ ತೆರೆದವನಿಗೂ ಅದು ಒಂದೇ ಗೋಲಿನ ಅಳತೆ. ಅಂಕಗಳು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕಡಮೆ ಅಂಕ ತಂದವನನ್ನೂ ಒಳಕ್ಕೆ ಕರೆದು, ಮೂರು ವರ್ಷ ಕಾದು ನೋಡುವ ಸರ್ಕಾರಿ ಕಾಲೇಜು ನಾಡಿಗೆ ಮಾಡುವ ಉಪಕಾರ ದೊಡ್ಡದು. ಅಧ್ಯಾಪಕ ಮಹಾಶಯರಲ್ಲಿ ನನ್ನದೊಂದೇ ಬಿನ್ನಹ: ಮುಂದಿನ ಜೂನ್‌ನಲ್ಲಿ ಹೊಸ ಹುಡುಗ ಹುಡುಗಿಯರು ನಿಮ್ಮೆದುರು ಬಂದು ನಿಂತಾಗ, ತಂದ ಅಂಕಗಳ ಜೊತೆಗೆ ಅವರು ಬಂದ ದೂರವನ್ನೂ ಎಣಿಸಿರಿ.