ಮೆದುಲೋಹದ ಮೊರೆ

ಕೀಲೆಣ್ಣೆ ಕಾಣದ ಎತ್ತಿನ ಗಾಡಿ ತನ್ನ ಸಂಕಟವನ್ನು ಊರಿಗೆಲ್ಲ ಕೇಳುವಂತೆ ಸಾರಿಕೊಂಡೇ ಹೋಗುತ್ತದೆ. ಸಿರಿವಂತರ ಹಳೆಯ ಮೋಟಾರು ಕಾರಿಗೆ ಆ ಭಾಗ್ಯವಿಲ್ಲ. ಅದರ ನೋವು ಒಳಗಿನದು. ಕಿವಿಗೊಟ್ಟವನಿಗೆ ಮಾತ್ರ ಕೇಳುವಂಥದು. ಇಂಥ ಕಾರುಗಳನ್ನು ಉಳಿಸಬೇಕೆಂಬ ಉತ್ಸಾಹ ಒಳ್ಳೆಯದೇ. ಆದರೆ ಅದು ಅನೇಕ ವೇಳೆ ಬಣ್ಣ, ಹಿತ್ತಾಳೆ, ಚರ್ಮದ ಹಾಸುಗಳ ಹೊಳಪಿನಲ್ಲಿಯೇ ನಿಂತುಬಿಡುತ್ತದೆಯಲ್ಲಾ ಎಂಬುದು ನನ್ನ ಕೊರಗು.

ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಕಂಪನಿಯು 1906ರಲ್ಲಿ ಹೊರತಂದ, ಮುಂದೆ 'ಸಿಲ್ವರ್ ಘೋಸ್ಟ್' ಎಂದು ಹೆಸರಾದ ಕಾರನ್ನೇ ನೋಡೋಣ. ನಮ್ಮ ಮೈಸೂರಿನ ಅರಸರೂ ಆ ಕಂಪನಿಯ ಕಾರುಗಳನ್ನು ತರಿಸಿಕೊಂಡವರೇ. ಹೆನ್ರಿ ರಾಯ್ಸ್ ರೂಪಿಸಿದ ಆ ಯಂತ್ರಕ್ಕೆ ಆರು ಸಿಲಿಂಡರುಗಳು. ಅದರ ಕ್ರ್ಯಾಂಕ್ ದಂಡವು ಏಳು ಬೇರಿಂಗುಗಳ ಮೇಲೆ ತಿರುಗುತ್ತದೆ. ಅವಕ್ಕೆಲ್ಲ ಪಂಪು ಒತ್ತಡದಿಂದ ಎಣ್ಣೆಯನ್ನು ಒದಗಿಸುತ್ತದೆ. ಆ ಕಾರಿನ ಕೀರ್ತಿಯೆಲ್ಲ ಅದರ ನಿಶ್ಶಬ್ದತೆಯಲ್ಲಿತ್ತು. ಉಕ್ಕು ಉಕ್ಕನ್ನು ಮುಟ್ಟದಂತೆ ನಡುವೆ ನಿಂತ ತೆಳುವಾದ ಎಣ್ಣೆಯ ಪದರವೂ, ಅದರಡಿಯ ಬಿಳಿಲೋಹವೂ ಆ ಮೌನವನ್ನು ಕಾಯುತ್ತಿದ್ದವು.

ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಕಂಡುಹಿಡಿದ ಮಿಶ್ರಲೋಹವೇ ಈ ಬಿಳಿಲೋಹದ ಮೂಲ. ಸುಮಾರು ನೂರಕ್ಕೆ 90 ಪಾಲು ತವರ, ಉಳಿದುದು ಆಂಟಿಮನಿ ಮತ್ತು ತಾಮ್ರ. ಇದು ಉಕ್ಕಿಗಿಂತ ಬಹಳ ಮೆದು. ಎಣ್ಣೆಯೊಡನೆ ಬಂದ ಸಣ್ಣ ಕಸವನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಎಣ್ಣೆ ತಪ್ಪಿದರೆ ತಾನೇ ಸವೆದು, ಕರಗಿ, ಬೆಲೆಬಾಳುವ ದಂಡವನ್ನು ಉಳಿಸಲು ನೋಡುತ್ತದೆ. ಅದು ಮೆದುವಾಗಿರುವುದು ಕುಂದಲ್ಲ, ಅದರ ಧರ್ಮ.

ಈ ಲೋಹ ಮೊರೆಯಿಟ್ಟಾಗ ನಾವೇನು ಮಾಡುತ್ತೇವೆ? ಮಂದವಾದ ಎಣ್ಣೆಯನ್ನು ಸುರಿದು ಸದ್ದನ್ನು ಅಡಗಿಸುತ್ತೇವೆ. ಇದು ಚಿಕಿತ್ಸೆಯಲ್ಲ, ರೋಗಿಯ ಬಾಯಿ ಮುಚ್ಚುವ ಕೆಲಸ. ಯಂತ್ರವನ್ನು ಬಲ್ಲವನು ಮೊದಲು ಸದ್ದನ್ನು ವಿಂಗಡಿಸುತ್ತಾನೆ. ತಣ್ಣಗಿದ್ದಾಗ ಕೇಳಿಸಿ, ಬಿಸಿಯಾದಂತೆ ಅಡಗುವುದು ಸಾಮಾನ್ಯವಾಗಿ ಪಿಸ್ಟನ್ನಿನದು. ಬಿಸಿಯೇರಿದಂತೆ ಹೆಚ್ಚಿ, ಎಣ್ಣೆಯ ಒತ್ತಡವನ್ನು ತೋರುವ ಮುಳ್ಳನ್ನೂ ಇಳಿಸಿದರೆ ಬೇರಿಂಗನ್ನು ಶಂಕಿಸಬೇಕು. ಏರು ಹತ್ತುವಾಗ ಆಳದಿಂದ ಬರುವ ಗುದ್ದು ದಂಡದ ಮುಖ್ಯ ಬೇರಿಂಗಿನದಿರಬಹುದು. ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಪ್ಪಿಸಿದಾಗ ಯಾವುದರಲ್ಲಿ ಬಡಿತ ತಗ್ಗುತ್ತದೆಯೋ, ಅದರ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು ಸಡಿಲವಾಗಿರುವ ಸಂಭವವುಂಟು. ಬಸಿದ ಎಣ್ಣೆಯಲ್ಲಿ ಬೆಳ್ಳಿಯಂಥ ಚೂರುಗಳು ಮಿನುಗಿದರೆ, ಕಾರನ್ನು ಇನ್ನೊಂದು ಗಜ ಓಡಿಸುವುದೂ ತಪ್ಪು.

ಈ ಕೇಡಿಗೆ ಓಟವೇ ಕಾರಣವಾಗಬೇಕೆಂದಿಲ್ಲ. ನಿಂತ ನಿಲುವೂ ಕಾರಣವಾಗುತ್ತದೆ. ತಿಂಗಳುಗಟ್ಟಲೆ ಪ್ರದರ್ಶನಕ್ಕೆ ನಿಂತ ಕಾರಿನ ಬೇರಿಂಗುಗಳಿಂದ ಎಣ್ಣೆ ಇಳಿದುಹೋಗಿರುತ್ತದೆ. ಹಬ್ಬದ ದಿನ ಒಮ್ಮೆಗೇ ಚಾಲೂ ಮಾಡಿದರೆ ಮೊದಲ ಸುತ್ತುಗಳೆಲ್ಲ ಒಣ ಸುತ್ತುಗಳೇ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಎಣ್ಣೆ ಏರುವವರೆಗೆ ಯಂತ್ರವನ್ನು ಕೈಯಿಂದ ತಿರುಗಿಸುವ ತಾಳ್ಮೆ ಬೇಕು. ಇನ್ನೊಂದು ಎಚ್ಚರಿಕೆಯೂ ಉಂಟು. ಒಳಗಿನ ಹಳೆಯ ಜಿಡ್ಡನ್ನು ತೊಳೆಯದೆ, ಜಿಡ್ಡು ಬಿಡಿಸುವ ಗುಣದ ಈಗಿನ ಎಣ್ಣೆಯನ್ನು ಹಾಕಿದರೆ, ಸಡಿಲಗೊಂಡ ಕೊಳೆ ಎಣ್ಣೆಯ ದಾರಿಯನ್ನೇ ಕಟ್ಟಬಹುದು.

ಸವೆದ ಬೇರಿಂಗಿಗೆ ಬಿಳಿಲೋಹವನ್ನು ಹೊಸದಾಗಿ ಎರಕ ಹೊಯ್ದು, ದಂಡಕ್ಕೆ ನೀಲಿ ಬಣ್ಣ ಸವರಿ, ಅದು ಅಂಟಿದ ಉಬ್ಬುಗಳನ್ನು ನವಿರಾಗಿ ಹೆರೆದು ಕೂಡಿಸುವುದು ಹಳೆಯ ಪದ್ಧತಿ. ಒಂದು ಅಂಗುಲ ದಪ್ಪದ ದಂಡಕ್ಕೆ ಅಂಗುಲದ ಸಾವಿರದಲ್ಲೊಂದು ಪಾಲಿನಷ್ಟು ತೆರವು ಎಂಬುದು ಕೆಲಸಗಾರರ ಸ್ಥೂಲವಾದ ಲೆಕ್ಕ. ಹೊಸ ಬಗೆಯ ಸಿದ್ಧ ಬೇರಿಂಗುಗಳನ್ನು ಕೂಡಿಸುವವರೂ ಇದ್ದಾರೆ. ಓಡುವ ಕಾರನ್ನು ಓಡಿಸಲೆಂದೇ ಹಾಗೆ ಮಾಡಿದರೆ ನಾನು ಆಕ್ಷೇಪಿಸಲಾರೆ. ಆದರೆ ಹೆರೆಯಬಲ್ಲ ಕೈ ಒಮ್ಮೆ ಕಳೆದುಹೋದರೆ, ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಆದುದರಿಂದ ಹಳೆಯ ಕಾರಿನ ಒಡೆಯರಲ್ಲಿ ನನ್ನ ಬಿನ್ನಹವಿಷ್ಟೆ. ಮೈಬಣ್ಣಕ್ಕೆಂದು ತೆಗೆದಿಟ್ಟ ಹಣವನ್ನು ಮೊದಲು ಬೇರಿಂಗಿಗೆ ವೆಚ್ಚಮಾಡಿ. ಆ ಕೆಲಸವನ್ನು ಬಲ್ಲ ಮುದಿ ಮೇಸ್ತ್ರಿಯ ಬಳಿ ಒಬ್ಬ ಹುಡುಗನನ್ನು ಕಲಿಯಲು ನಿಲ್ಲಿಸಿ. ಬಣ್ಣ ಮಾಸಿದ ಕಾರು ಇನ್ನೂ ಕಾರೇ. ಒಳಗೆ ಬಡಿದುಕೊಳ್ಳುತ್ತ ಹೊರಗೆ ಹೊಳೆಯುವುದು ಉತ್ಸವಮೂರ್ತಿಯ ಬರಿಯ ಪ್ರಭಾವಳಿ.