ಪೆಟ್ಟಿಗೆ ಉಳಿಯಿತು, ಜೇನು ಹೋಯಿತು

ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳತ್ತ ಹೋದವರಿಗೆ ಅಲ್ಲೊಂದು ಇಲ್ಲೊಂದು ಹಿತ್ತಲಲ್ಲಿ ಖಾಲಿ ಜೇನುಪೆಟ್ಟಿಗೆ ಕಣ್ಣಿಗೆ ಬೀಳುವುದುಂಟು. ಒಂದರಲ್ಲಿ ಹಳೇ ಕುಡುಗೋಲು, ಇನ್ನೊಂದರ ಮೇಲೆ ಕೋಳಿ. ಕೇಳಿದರೆ ಉತ್ತರ ಸಿದ್ಧ: ‘ಹುಳ ಓಡೋಯ್ತು ಕಣಣ್ಣ, ಚಳಿ ತಡೀನಿಲ್ಲ.’

ಪಾಪ, ಚಳಿಯ ಮೇಲೆ ಸುಳ್ಳು ಕೇಸು!

ಹಿಮ ಬೀಳುವ ಯೂರೋಪಿನಲ್ಲಿ ಜೇನು ತಿಂಗಳುಗಟ್ಟಲೆ ಗೂಡಿನೊಳಗೇ ಉಂಡೆಯಾಗಿ ಮುದುರಿ, ಕೂಡಿಟ್ಟ ತುಪ್ಪ ತಿಂದು ಬದುಕುತ್ತದೆ. ಆ ಪಾಠ ಇಲ್ಲಿಗೆ ಹೊಂದದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು ಎಷ್ಟೇ ಕೊರೆದರೂ ಹೊತ್ತೇರುತ್ತಲೇ ಬಿಸಿಲು ಬರುತ್ತೆ, ತುಡುವೆ ಜೇನು ಹಾರುತ್ತೆ. ಹಾರಿ ಹೋಗಿ ನೋಡಿದರೆ ಹೊಲದಲ್ಲಿ ಹೂವೇ ಇಲ್ಲ. ಓಡಿಸುವುದು ಹಸಿವು.

ಜುಲೈ, ಆಗಸ್ಟ್‌ನಲ್ಲಿ ಗುಂಡ್ಲುಪೇಟೆ ರಸ್ತೆಯ ಸೂರ್ಯಕಾಂತಿ ಹೊಲಗಳ ಮುಂದೆ ಕಾರು ನಿಲ್ಲಿಸಿ ಫೋಟೋ ಹೊಡೆಸಿಕೊಳ್ಳುವವರ ಜಾತ್ರೆ. ಜೇನಿಗೂ ಅದೇ ಹಬ್ಬ. ತೆನೆ ಕೊಯ್ದ ಮೇಲೆ ಬರಗಾಲ. ಹಿಂದೆ ಹೊಲದಲ್ಲಿ ಸಾಲು ಬಿಟ್ಟು ಹಾಕುತ್ತಿದ್ದ ಹುಚ್ಚೆಳ್ಳು ಈ ಅಂತರ ತುಂಬುತ್ತಿತ್ತು. ಈಗ ಆ ಹಳದಿ ಸಾಲು ಕಡಿಮೆ. ಆಮೇಲೆ ಅವರೆ, ಹುರುಳಿ ಮುಗಿದರೆ ಹೊಂಗೆ, ಬೇವು ಹೂ ಬಿಡುವ ತನಕ ಬಯಲಿನಲ್ಲಿ ಮತ್ತೆ ಉಪವಾಸ. ಇಂಥ ಹೊತ್ತಲ್ಲಿ ಇದ್ದಬದ್ದ ತುಪ್ಪವನ್ನೂ ಹಿಂಡಿಕೊಂಡರೆ ತುಡುವೆ ಯಾಕೆ ನಿಂತೀತು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು ಕೊಯ್ಯುವಾಗಲೂ ಗೂಡಿನಲ್ಲಿ ಒಂದು ಪಾಲು ಬಿಟ್ಟು ಬರುತ್ತಾರೆ. ಪೆಟ್ಟಿಗೆ ಇಟ್ಟ ವಿದ್ಯಾವಂತರಿಗೆ ಅಷ್ಟು ಬುದ್ಧಿ ಬೇಡವೇ?

ಮಾಡಬೇಕಾದ್ದು ಬ್ರಹ್ಮವಿದ್ಯೆಯೇನಲ್ಲ. ಸಕ್ಕರೆಯಷ್ಟೇ ನೀರು ಕಾಯಿಸಿ, ಕರಗಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ಹುಳ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಡಬೇಕು. ಹೊರಗೆ ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ಬಂದು ದರೋಡೆ ಮಾಡುತ್ತವೆ. ಕುಟುಂಬಕ್ಕೆ ವಾರಕ್ಕೆ 200 ಗ್ರಾಂ ಸಕ್ಕರೆ ಸಾಕು. ಎರಡು ತಿಂಗಳಿಗೆ ಎರಡು ಕೆಜಿಯೂ ಆಗದು. ಮನೆಗೆ ಬಂದ ನೆಂಟರ ಕಾಫಿಗೇ ಅದಕ್ಕಿಂತ ಜಾಸ್ತಿ ಖರ್ಚಾಗುತ್ತೆ. ಹುಳ ಕೂರದ ಖಾಲಿ ಎರಿ ತೆಗೆದಿಡಿ, ಇಲ್ಲದಿದ್ದರೆ ಮೇಣದ ಪತಂಗ ಸೇರುತ್ತದೆ. ಅಡಿ ಹಲಗೆ ವಾರಕ್ಕೊಮ್ಮೆ ಗುಡಿಸಿ, ಬಾಗಿಲು ಕಿರಿದು ಮಾಡಿ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಡಿ. ಚಳಿಗೆಂದೇ ಮಾಡುವುದಾದರೆ ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟು, ಮುಚ್ಚಳದಡಿ ಒಂದು ಗೋಣಿತಾಟು ಹಾಕಿದರಾಯಿತು.

ಸೊರಗಿದ ಕುಟುಂಬವನ್ನು ಹಾಗೇ ಬಿಡುವುದು ಅಪಾಯ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹೊಕ್ಕ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆ ಸಂತತಿಯನ್ನೇ ಗುಡಿಸಿ ಹಾಕಿದ್ದನ್ನು ಹಳೇ ಜೇನು ಸಾಕಣೆದಾರರು ಮರೆತಿಲ್ಲ. ಇನ್ನು ಔಷಧಿ ಹೊಡೆಯುವವರ ಮಾತು. ಹೂವರಳಿದ ಸೂರ್ಯಕಾಂತಿಗೆ ಬೆಳಗ್ಗೆ ಹತ್ತಕ್ಕೆ ಪಂಪು ಹಿಡಿದರೆ ಸಾಯುವುದು ಜೇನು, ಜಳ್ಳಾಗುವುದು ಅವರದೇ ಬೀಜ. ಹೊಡೆಯಲೇಬೇಕಾದರೆ ಸಂಜೆ ಹೊಡೆಯಲಿ.

ಕೇಂದ್ರ ಸರ್ಕಾರ 2020ರಲ್ಲಿ ಜೇನು ಸಾಕಣೆಗೆಂದು 500 ಕೋಟಿ ರೂ. ಘೋಷಿಸಿತು. ಸಹಾಯಧನದಲ್ಲಿ ಪೆಟ್ಟಿಗೆ ಹಂಚುವುದೂ ಹೊಸತಲ್ಲ. ಆದರೆ ಲೆಕ್ಕ ಹಾಕುವುದು ಕೊಟ್ಟ ಪೆಟ್ಟಿಗೆಯನ್ನು. ವರ್ಷದ ಮೇಲೆ ಎಷ್ಟರಲ್ಲಿ ಹುಳ ಇದೆ ಎಂಬುದನ್ನು ಎಣಿಸಬೇಡವೇ? ಇನ್ನು ಮುಂದೆ ಪೆಟ್ಟಿಗೆ ಹಂಚುವ ದಿನವೇ ಒಂದನ್ನು ರೈತರ ಮುಂದೆ ತೆರೆದು, ಪಾಕ ಇಡುವುದನ್ನು ತೋರಿಸಲಿ. ಕಾಲು ಗಂಟೆಯ ಕೆಲಸ. ವೇದಿಕೆಯ ಭಾಷಣ ಅಷ್ಟರ ಮಟ್ಟಿಗೆ ಮೊಟಕಾದರೆ ಯಾರೂ ದೂರುವುದಿಲ್ಲ.